ಹಲ್ಲಿನ ಡಾಕ್ಟರು ಮತ್ತು ಬಣ್ಣದಂಗಡಿಯ ನಡುವೆ

ಕಪಾಟು ಸರಿಸದೆ ಶವದ ಪೆಟ್ಟಿಗೆ ಹೊರಗೆ ಹೋಗುವಂತಿರಲಿಲ್ಲ. ಪೆಟ್ಟಿಗೆ ಅಗಲವಾಗಿತ್ತು. ನಡುಮನೆಯಿಂದ ಬೀದಿಬಾಗಿಲಿಗೆ ಹೋಗುವ ದಾರಿ ಇಕ್ಕಟ್ಟಾಗಿತ್ತು. ಆ ಇಕ್ಕಟ್ಟಿನಲ್ಲೂ ಅರ್ಧ ಜಾಗವನ್ನು ಒಂದು ಮರದ ಕಪಾಟು ಎಷ್ಟೋ ವರ್ಷಗಳಿಂದ ಹಿಡಿದು ನಿಂತಿತ್ತು. ನಾಲ್ವರು ಭುಜ ಕೊಟ್ಟು ನೂಕಿದರು. ಅದು ಒಂದು ಸಲ ನರಳಿ ಸುಮ್ಮನಾಯಿತು.

“ತುಂಬಿದ್ದಾಗ ಜರುಗಲ್ಲ. ಮೊದಲು ಪುಸ್ತಕ ಇಳಿಸೋಣ,” ಎಂದ ಸತ್ತವನ ಮಗ. ಅವನದು ಕನ್ನಡಕದ ಅಂಗಡಿ. ಏನನ್ನೇ ಆದರೂ ಒಮ್ಮೆ ಕಣ್ಣು ಕಿರಿದು ಮಾಡಿ ಅಳೆದ ಮೇಲೆಯೇ ಅವನು ಮಾತಾಡುವುದು.

ಕಪಾಟಿನೊಳಗೆ ಮೂವತ್ತೊಂದು ಟೆಲಿಫೋನ್ ಡೈರೆಕ್ಟರಿಗಳಿದ್ದವು. ಸತ್ತವನು ಟೆಲಿಫೋನ್ ಕಚೇರಿಯ ಡೈರೆಕ್ಟರಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಊರಿನ ಪ್ರತಿಯೊಂದು ಫೋನಿನ ಹೆಸರು, ವಿಳಾಸ, ಸಂಖ್ಯೆಗಳನ್ನು ತಿದ್ದಿ ಅಚ್ಚಿಗೆ ಕಳಿಸಿದವನು. ಅವನನ್ನು ಎಲ್ಲರೂ ಡೈರೆಕ್ಟರಿ ಎಂದೇ ಕರೆಯುತ್ತಿದ್ದರು.

ಜನ ಸಾಲಾಗಿ ನಿಂತು ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸತೊಡಗಿದರು.

“ಹೋಗೋ ದಿನಾನೂ ನಮ್ಮ ಕೈಲಿ ಹೊರೆ ಹೊರಿಸ್ತಿದಾನಲ್ಲ, ಡೈರೆಕ್ಟರಿ,” ಎಂದರು ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು. “ಬದುಕಿದ್ದಾಗ ಒಂದು ಪುಸ್ತಕ ಮುಟ್ಟೋಕೆ ಬಿಡ್ತಿರಲಿಲ್ಲ.”

“ಮೆಲ್ಲಗೆ ಮಾತಾಡಿ, ಎದ್ದು ನಿಮ್ಮ ನಂಬರ್ ಹೇಳಿಬಿಟ್ಟಾನು,” ಎಂದರು ಇನ್ನೊಬ್ಬರು. ಯಾರೋ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದರು.

ಸಾಲಿನ ಕೊನೆಯಲ್ಲಿ, ಅಂಗಳದಲ್ಲಿ ನಿಂತಿದ್ದವಳು ಸತ್ತವನ ತಂಗಿ. ಅರವತ್ತೊಂದು ವರ್ಷ, ಹೊಲಿಗೆಯವಳು. ಬಂದ ಪುಸ್ತಕಗಳನ್ನೆಲ್ಲ ಚಾಪೆಯ ಮೇಲೆ ಒಂದರ ಮೇಲೊಂದು ಜೋಡಿಸುತ್ತಿದ್ದಳು. ಬೆನ್ನಿನ ಮೇಲಿನ ಇಸವಿ ಕಂಡರೆ ಸಾಕು, ಅವಳಿಗೆ ಕೈ ಭಾರವಾಗುತ್ತಿತ್ತು. ಕೊನೆಯ ಹದಿನಾಲ್ಕರಲ್ಲಿ ಅವಳ ಹೆಸರು ಇರಬೇಕಾಗಿತ್ತು. ಒಂದರಲ್ಲೂ ಇರಲಿಲ್ಲ. ಊರಿನ ಕಟುಕನಿಂದ ನ್ಯಾಯಾಧೀಶರವರೆಗೆ ಎಲ್ಲರನ್ನೂ ಸೇರಿಸಿದ ಅಣ್ಣ ಒಡಹುಟ್ಟಿದವಳನ್ನು ಹದಿನಾಲ್ಕು ವರ್ಷ ಹೊರಗಿಟ್ಟಿದ್ದ. ಅವಳು ಅವನೊಡನೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು.

ಅವಳು ಅಳಲು ಬಂದಿರಲಿಲ್ಲ. ಅವಳಿಗೆ ಒಂದು ಉತ್ತರ ಬೇಕಾಗಿತ್ತು. ಗಂಡನನ್ನು ಬಿಟ್ಟು ಬಂದ ತಂಗಿಯ ಬಗ್ಗೆ ಅಣ್ಣನಿಗೆ ನಾಚಿಕೆಯಿತ್ತೆ? ಹೌದು ಎಂದು ಅವನ ಬಾಯಿಂದಲೇ ಕೇಳಿದ್ದರೂ ಅವಳಿಗೆ ನೆಮ್ಮದಿಯಾಗುತ್ತಿತ್ತು. ಹೇಳಬೇಕಾದವನು ಪೆಟ್ಟಿಗೆಯಲ್ಲಿ ಮಲಗಿದ್ದ.

“ಅತ್ತೆ, ಇದನ್ನ ಒಂದು ಸಲ ನೋಡಿ,” ಎಂದು ಅಣ್ಣನ ಮಗ ಮೊಬೈಲು ಹಿಡಿದ. ಪರದೆಯ ಮೇಲೆ ಅಣ್ಣನ ಫೋಟೋ, ಸಾವಿನ ಸುದ್ದಿ. ಕೆಳಗೆ ಮನೆಯವರ ಪಟ್ಟಿ: ಹೆಂಡತಿ, ಮಗ, ತಂಗಿ. ತಂಗಿಯ ಹೆಸರಿನ ಮುಂದೆ ಹೊಲಿಗೆ ಅಂಗಡಿಯ ಬೀದಿ, ಬಾಗಿಲ ಸಂಖ್ಯೆ, ಮೊಬೈಲ್ ನಂಬರು.

“ನನ್ನ ನಂಬರ್ ಯಾಕೆ ಹಾಕಿದೆ?”

“ಅಪ್ಪನ ಪುಸ್ತಕದಲ್ಲಿ ಹೆಸರು ಬರಲಿಲ್ಲ ಅಂತ ನಿಮಗೆ ಕೊರಗಿತ್ತಲ್ಲ. ಚಿಕ್ಕವನಾಗಿದ್ದಾಗಿಂದ ಕೇಳಿದೀನಿ. ಅಪ್ಪ ಮಾಡದೇ ಬಿಟ್ಟಿದ್ದನ್ನ ನಾನಾದ್ರೂ ಮಾಡೋಣ ಅನ್ನಿಸ್ತು. ನಿನ್ನೆ ಸಂಜೆನೇ ಕಳಿಸಿದೆ. ಪೆನ್ಷನ್‌ದಾರರ ಗುಂಪು, ಬೀದಿಯವರ ಗುಂಪು, ಊರಿನ ಸುದ್ದಿ ಗುಂಪು. ಬೆಳಗಾಗೋದ್ರೊಳಗೆ ಎಲ್ಲಾ ಕಡೆ ಹೋಗಿದೆ.”

ಅವಳು ತನ್ನ ಹೆಸರನ್ನು ಎರಡು ಸಲ ಓದಿಕೊಂಡಳು. ಎದೆಯೊಳಗೆ ಎಲ್ಲೋ ಒಂದು ಹೊಲಿಗೆ ಸಡಿಲವಾದಂತಾಯಿತು. ಆ ಸಡಿಲಿಕೆಯನ್ನೂ ಅವಳು ನಂಬಲಿಲ್ಲ. ಇಷ್ಟು ವರ್ಷ ಇಲ್ಲದ ಅಕ್ಕರೆ ಇವತ್ತೇ ಯಾಕೆ?

“ಫೋನು ಕೂಗದ ಹಾಗೆ ಇಟ್ಕೊಳ್ಳಿ ಅತ್ತೆ. ಇವತ್ತು ಎಲ್ಲರದೂ ಬಡ್ಕೊಳ್ತಾನೇ ಇರುತ್ತೆ.”

ಅವಳು ಫೋನನ್ನು ನಡುಗುವಷ್ಟಕ್ಕೆ ಇಳಿಸಿ ಕೈಚೀಲಕ್ಕೆ ಹಾಕಿಕೊಂಡಳು. ಒಳಗೆ ಖಾಲಿಯಾದ ಕಪಾಟು ಈ ಸಲ ಮಾತಿಲ್ಲದೆ ಸರಿಯಿತು.

*

ಅವಳ ಗಂಡ ದೂರದ ಊರೊಂದರ ಗೋದಾಮಿನಲ್ಲಿ ಕೆಲಸಕ್ಕಿದ್ದ. ಹನ್ನೆರಡು ಬಾಗಿಲುಗಳ ಕೀಲಿಗಳನ್ನು ಒಂದು ಕಬ್ಬಿಣದ ಬಳೆಗೆ ಪೋಣಿಸಿಕೊಂಡಿದ್ದ. ಸಂಜೆ ಮೆಟ್ಟಿಲು ಹತ್ತುವಾಗ ಬಳೆಯನ್ನು ತೋರುಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದ. ಝಲ್, ಝಲ್, ಝಲ್, ಮೂರು ಸುತ್ತು. ಆಮೇಲೆ ಕೀಲಿಗಳನ್ನೆಲ್ಲ ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದುಬಿಡುತ್ತಿದ್ದ. ಸದ್ದು ಕತ್ತರಿಸಿದಂತೆ ನಿಲ್ಲುತ್ತಿತ್ತು. ಅವಳು ಹೆದರುತ್ತಿದ್ದುದು ಸದ್ದಿಗಲ್ಲ, ಅದು ನಿಂತ ಮೇಲಿನ ಮೌನಕ್ಕೆ. ಅವಳ ಎಡಗೈ ಮಣಿಕಟ್ಟು ಎರಡು ಸಲ ಮುರಿಯಿತು. ಎರಡನೆಯ ಸಲ ಸೊಟ್ಟಗೇ ಕೂಡಿಕೊಂಡಿತು.

ಮೂವತ್ತಮೂರನೆಯ ವಯಸ್ಸಿನಲ್ಲಿ ಅವಳು ಒಂದು ಕೈಚೀಲದೊಂದಿಗೆ ಅಣ್ಣನ ಊರಿಗೆ ಬಂದಳು. ಅಣ್ಣ ಏನೂ ಕೇಳಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಬೀದಿಗೆ ಮುಖಮಾಡಿದ ಒಂದು ಕೋಣೆ ಹುಡುಕಿಕೊಟ್ಟ. ಹೊಲಿಗೆಯಂತ್ರ ತಂದಿಟ್ಟ. ಎರಡು ವರ್ಷ ಅವಳು ಅಗುಳಿ ಹಾಕಿಕೊಂಡೇ ಹೊಲಿದಳು. ರವಿಕೆಯ ಅಳತೆ ಕೊಡಲು ಬಂದವರೂ ಬಾಗಿಲು ತಟ್ಟಿ ಹೆಸರು ಹೇಳಬೇಕಾಗಿತ್ತು. ಪ್ರತಿ ಭಾನುವಾರ ಅಣ್ಣ ಬರುತ್ತಿದ್ದ. “ನಾನೇ,” ಎನ್ನುತ್ತಿದ್ದ. ಅಗುಳಿ ತೆಗೆಯುವ ಮೊದಲು ಅವಳು ಸಂದಿಯಿಂದ ನೋಡುತ್ತಿದ್ದಳು, ಅಣ್ಣನ ದನಿ ಗೊತ್ತಿದ್ದರೂ.

ಒಂದು ಭಾನುವಾರ ಅವನು ಬೆಂಚಿನ ಮೇಲೆ ಕೂತು, ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ ಹೇಳಿದ: “ಅವನು ಹಡಗಿನ ಕೆಲಸಕ್ಕೆ ಸೇರಿದನಂತೆ. ದೇಶ ಬಿಟ್ಟು ಹೋದನಂತೆ. ಇನ್ನು ಬರಲ್ಲ.”

“ಯಾರು ಹೇಳಿದ್ರು?”

“ಗೊತ್ತಾಯ್ತು.”

ಅಣ್ಣ ಸುಳ್ಳು ಹೇಳುವವನಲ್ಲ. ಒಂದು ಅಂಕಿ ಹೆಚ್ಚು ಕಮ್ಮಿಯಾದರೆ ಊಟ ಬಿಡುವವನು. ಮರುದಿನ ಬೆಳಿಗ್ಗೆ ಅವಳು ಯಂತ್ರವನ್ನು ಎಳೆದು ಬಾಗಿಲಿನ ಬೆಳಕಿಗೆ ಇಟ್ಟಳು. ಬಾಗಿಲು ಹಗಲೆಲ್ಲ ತೆರೆದೇ ಇತ್ತು. ಆ ವರ್ಷವೇ ಅವಳು ಫೋನಿಗೆ ಅರ್ಜಿ ಹಾಕಿದಳು.

ಫೋನು ಬಂತು. ಹೊಸ ಡೈರೆಕ್ಟರಿಯೂ ಬಂತು. ಅವಳು ಕೈ ತೊಳೆದುಕೊಂಡು ಪುಟ ತಿರುಗಿಸಿದಳು. ಅಕ್ಷರದ ಸಾಲಿನಲ್ಲಿ ಅವಳ ಹೆಸರು ಒಬ್ಬ ಹಲ್ಲಿನ ಡಾಕ್ಟರು ಮತ್ತು ಒಂದು ಬಣ್ಣದಂಗಡಿಯ ನಡುವೆ ಬರಬೇಕಾಗಿತ್ತು. ಡಾಕ್ಟರ ಕೆಳಗೆ ನೇರವಾಗಿ ಬಣ್ಣದಂಗಡಿ ಇತ್ತು. ನಡುವೆ ಯಾರೂ ಎಂದೂ ಇರಲಿಲ್ಲ ಎಂಬಂತೆ.

“ಬಿಟ್ಟುಹೋಗಿದೆ,” ಎಂದ ಅಣ್ಣ, ಮುಖ ನೋಡದೆ. “ಮುಂದಿನ ಸಲ ಸರಿಮಾಡ್ತೀನಿ.”

*

ಪೆಟ್ಟಿಗೆಯನ್ನು ಅಂಗಳದಲ್ಲಿ ಇಳಿಸುವ ಹೊತ್ತಿಗೆ ಒಬ್ಬ ಮುದುಕಿ ಆಟೋದಿಂದ ಇಳಿದಳು. ಕೊರಳಿಗೆ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಮೊಬೈಲು. ಪೆಟ್ಟಿಗೆಯ ಕಡೆ ಹೋಗದೆ ನೇರವಾಗಿ ಸತ್ತವನ ಮಗನ ಎದುರು ನಿಂತಳು.

“ಈ ಮೆಸೇಜು ಬರೆದಿದ್ದು ಯಾರು?”

“ನಾನೇ. ಯಾಕೆ?”

“ಇದರಲ್ಲಿ ನಿಮ್ಮತ್ತೆ ವಿಳಾಸ ಇದೆ. ತೆಗೆಸು. ಈಗಲೇ ತೆಗೆಸಪ್ಪ.”

“ಯಾರಿವರು?” ಎಂದು ತಂಗಿ ಅತ್ತಿಗೆಯನ್ನು ಕೇಳಿದಳು.

ಅತ್ತಿಗೆ ನಿನ್ನೆಯಿಂದ ಅತ್ತು ಕಣ್ಣು ಬತ್ತಿಸಿಕೊಂಡಿದ್ದಳು. ಆದರೂ ಆ ಕಣ್ಣಿನಲ್ಲಿ ಏನೋ ಚುರುಕಾಯಿತು. “ಎಂಕ್ವೈರಿ,” ಎಂದಳು ಮೆಲ್ಲಗೆ. “ಕಚೇರಿ ಮುಂಭಾಗದಲ್ಲಿ ವಿಚಾರಣೆ ಕೌಂಟರಿನಲ್ಲಿ ಕೂತಿರ್ತಿದ್ಲು. ನಿಮ್ಮಣ್ಣನಿಗೆ ದಿನಾ ಎರಡು ಸಲ ಅವಳ ಜತೆ ಟೀ ಆಗಲೇಬೇಕು. ನಾನು ಯಾವತ್ತೂ ಬಾಯಿ ಬಿಟ್ಟು ಕೇಳಿಲ್ಲ ಬಿಡು. ಆದ್ರೆ ವರ್ಷಕ್ಕೊಂದು ವಾರ ಮನುಷ್ಯ ಮನೆಗೇ ಬರ್ತಿರಲಿಲ್ಲ. ಪ್ರೂಫು ನೋಡ್ಬೇಕು, ಕಚೇರೀಲೇ ಮಲಗ್ತೀನಿ ಅಂತಿದ್ದ. ಪುಸ್ತಕ ಅಚ್ಚಾಗಿ ಬಂದ ಮೇಲೆ ಏನು ಪ್ರೂಫು? ನಾನೇನು ಅಷ್ಟೂ ತಿಳೀದವಳಾ?”

ತಂಗಿ ಮುದುಕಿಯನ್ನು ನೋಡಿದಳು. ಮುದುಕಿಯೂ ಅವಳನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಸೊಟ್ಟ ಮಣಿಕಟ್ಟನ್ನು.

ಇವಳಿಗೆ ನನ್ನ ಕೈ ಹೇಗೆ ಗೊತ್ತು? ತಂಗಿ ಸೆರಗನ್ನು ಕೆಳಗೆಳೆದು ಮಣಿಕಟ್ಟು ಮುಚ್ಚಿಕೊಂಡಳು.

ಅಷ್ಟರಲ್ಲಿ ಟೆಲಿಫೋನ್ ಕಚೇರಿಯ ಗಾಡಿ ಬಂತು. ಇಳಿದವನು ಎಳೆಯ ಅಧಿಕಾರಿ. ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಫೈಲು. ಪೆಟ್ಟಿಗೆಗೆ ತಲೆಬಾಗಿಸಿ, ಹೂ ಇಟ್ಟು, ಸತ್ತವನ ಮಗನನ್ನು ಪಕ್ಕಕ್ಕೆ ಕರೆದ. ಪಕ್ಕ ಎಂದರೆ ಡೈರೆಕ್ಟರಿಗಳ ರಾಶಿಯ ಬಳಿ, ತಂಗಿ ನಿಂತಿದ್ದ ಜಾಗ.

“ಇವತ್ತು ವಿಶ್ವ ದೂರಸಂಪರ್ಕ ದಿನ. ಸಂಜೆ ನಮ್ಮಲ್ಲಿ ಕಾರ್ಯಕ್ರಮ,” ಎಂದು ಅವನು ಆಮಂತ್ರಣ ತೆಗೆದು ತೋರಿಸಿದ. ಜಗತ್ತನ್ನು ತಂತಿಗಳು ಸುತ್ತಿಕೊಂಡಿರುವ ಚಿತ್ರ. ಅದರ ಕೆಳಗೆ ‘ಸಂಪರ್ಕ ಬೆಳೆದರೆ ಸಮಾಜ ಬೆಳೆಯುತ್ತದೆ’ ಎಂಬ ಸಾಲು. ಅದರ ಕೆಳಗೆ ಸನ್ಮಾನಿತರ ಪಟ್ಟಿಯಲ್ಲಿ ಅಣ್ಣನ ಹೆಸರು. “ನಿಮ್ಮ ತಂದೆಯವರಿಗೆ ಸನ್ಮಾನ ಅಂತ ಅಚ್ಚು ಮಾಡಿಸಿಬಿಟ್ಟಿದ್ವಿ. ಈಗ ಶ್ರದ್ಧಾಂಜಲಿ ಮಾಡ್ಬೇಕು. ಒಂದು ಒಳ್ಳೆ ಫೋಟೋ ಬೇಕು. ಆಮೇಲೆ, ತಪ್ಪು ತಿಳ್ಕೋಬೇಡಿ, ಈ ಡೈರೆಕ್ಟರಿಗಳು. ನಮ್ಮಲ್ಲಿ ಒಂದೂ ಉಳಿದಿಲ್ಲ, ರದ್ದಿಗೆ ಹೋಯ್ತು. ವಸ್ತುಪ್ರದರ್ಶನದಲ್ಲಿ ಇಟ್ಟರೆ ಜನ ನೋಡ್ತಾರೆ, ಒಂದು ಕಾಲದಲ್ಲಿ ಎಷ್ಟು ಕಷ್ಟಪಟ್ಟು ಒಬ್ಬರನ್ನೊಬ್ಬರು ಹುಡುಕ್ತಿದ್ರು ಅಂತ.”

“ತಗೊಂಡು ಹೋಗಿ,” ಎಂದ ಮಗ. ಕಪಾಟಿನ ಜಾಗವನ್ನು ಅವನ ಕಣ್ಣು ಆಗಲೇ ಅಳೆದಿತ್ತು.

“ಭಾಷಣಕ್ಕೆ ಅಂತ ಅವರ ಸೇವಾ ಪುಸ್ತಕ ತೆಗೆಸಿ ನೋಡಿದೆ. ಆಶ್ಚರ್ಯ ಆಯ್ತು. ಲಕ್ಷಾಂತರ ಹೆಸರು, ತಪ್ಪು ಅಂತ ಸಿಕ್ಕಿದ್ದು ಒಂದೇ. ಆದ್ರೆ ಅದೇ ತಪ್ಪು ಹದಿನಾಲ್ಕು ಸಲ. ಒಬ್ಬರೇ ಚಂದಾದಾರರು, ಎರಡನೇ ವರ್ಷದಿಂದ ಪ್ರತಿ ವರ್ಷ ಲಿಖಿತ ದೂರು. ಪ್ರತಿ ದೂರಿಗೂ ಒಂದು ಮೆಮೊ. ‘ಅಚಾತುರ್ಯದಿಂದ ಆಗಿದೆ’ ಅಂತ ಒಂದೇ ಉತ್ತರ, ಪ್ರತಿ ಸಲವೂ. ಬಡ್ತಿ ಎರಡು ಸಲ ತಪ್ಪಿಹೋಗಿದೆ. ಸೇರಿದ ಕುರ್ಚಿಯಲ್ಲೇ ನಿವೃತ್ತಿ. ಯಾರೋ ಹಟಮಾರಿ ಹೆಂಗಸು ಕಾಣುತ್ತೆ.” ಅವನು ಫೈಲು ಮುಚ್ಚಿದ. “ಅದನ್ನೆಲ್ಲ ಭಾಷಣದಲ್ಲಿ ಹೇಳಲ್ಲ ಬಿಡಿ.”

ಮಗ ಅತ್ತೆಯ ಕಡೆ ನೋಡಲಿಲ್ಲ. ಅತ್ತೆ ನೆಲ ನೋಡುತ್ತಿದ್ದಳು.

*

ದೂರಿನ ಅರ್ಜಿ ನಸುಗೆಂಪು ಬಣ್ಣದ್ದು. ಹೆಸರು, ವಿಳಾಸ, ದೂರಿನ ಸ್ವರೂಪ. ಎರಡನೆಯ ವರ್ಷವೂ ಹೆಸರು ಬರದಿದ್ದಾಗ ಅವಳು ಅದನ್ನು ತರಿಸಿಕೊಂಡು ಬರೆದಳು. ಅಣ್ಣನ ಮೇಲೆ ಬರೆಯುತ್ತಿದ್ದೇನೆ ಎಂದು ಅನ್ನಿಸಲಿಲ್ಲ. ಕಚೇರಿಗೆ ಬರೆಯುತ್ತಿದ್ದೇನೆ ಅನ್ನಿಸಿತು. ಮೂರನೆಯ ವರ್ಷ ಅದು ಅಣ್ಣನ ಮೇಲೇ ಎಂದು ಗೊತ್ತಿದ್ದೇ ಬರೆದಳು.

ಆ ಹೊತ್ತಿಗೆ ಅವನು ಭಾನುವಾರ ಬರುವುದನ್ನು ನಿಲ್ಲಿಸಿದ್ದ. “ಬಸ್ಸು ಸರಿಯಿಲ್ಲ,” ಎಂದಿದ್ದ. ಬೇಕಾದಾಗ ಇವಳೇ ಅವನ ಮನೆಗೆ ಬರಬೇಕು; ಪುಸ್ತಕ ಬಿಡುಗಡೆಯಾದ ತಿಂಗಳು ಮಾತ್ರ ಬರಕೂಡದು, ಮನೆಯಲ್ಲಿ ತುಂಬ ಕೆಲಸ. ಅವಳು ಒಂದಕ್ಕೊಂದು ಸೇರಿಸಿ ಹೊಲಿದಳು. ಹೆಸರಿಲ್ಲ, ಬರುವುದಿಲ್ಲ, ಹೊಸ ಪುಸ್ತಕ ನೋಡಲು ಬಂಧುಬಳಗ ಬರುವ ಹೊತ್ತಿಗೆ ನಾನು ಅಲ್ಲಿ ಕಾಣಿಸಿಕೊಳ್ಳುವಂತಿಲ್ಲ. ಹೊಲಿಗೆ ಎಲ್ಲೂ ಬಿಟ್ಟುಕೊಡಲಿಲ್ಲ.

ಒಮ್ಮೆ ಹಲ್ಲು ನೋವು ಬಂದಾಗ ಆ ಹಲ್ಲಿನ ಡಾಕ್ಟರ ಬಳಿಗೇ ಹೋದಳು. ಬಾಯಿ ತೆರೆದು ಕೂತಿದ್ದಾಗ ‘ನಾನು ನಿಮ್ಮ ಕೆಳಗಿನ ಸಾಲಿನವಳು’ ಎನ್ನಬೇಕೆನ್ನಿಸಿತು. ಬಾಯಿಯಲ್ಲಿ ಹತ್ತಿಯಿತ್ತು.

ಕೊನೆಯ ಡೈರೆಕ್ಟರಿ ಬಂದದ್ದು ಅಣ್ಣನ ನಿವೃತ್ತಿಯ ತಿಂಗಳು. ಅವಳು ಅವನ ಮನೆಗೇ ಹೋಗಿ, ಪುಸ್ತಕ ಮೇಜಿನ ಮೇಲಿಟ್ಟು ಕೇಳಿದಳು. “ಇನ್ನು ಮುಂದಿನ ಸಲ ಅನ್ನೋದಿಲ್ಲ. ಒಂದೇ ಒಂದು ಸಲ ನಿಜ ಹೇಳು ಅಣ್ಣ. ನನ್ನ ಹೆಸರು ನಿನ್ನ ಕಣ್ಣಿಗೆ ಬೀಳ್ತಿತ್ತೋ ಇಲ್ವೋ?”

“ಬೀಳ್ತಿತ್ತು.”

“ಮತ್ತೆ?”

ಅವನು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಮಡಚಿದ್ದ ಒಂದು ಮೂಲೆಯನ್ನು ಉಗುರಿನಿಂದ ತೀಡಿ ನೆಟ್ಟಗೆ ಮಾಡಿದ. ಆಮೇಲೆ ಕೇಳಿದ: “ಬಾಗಿಲು ತೆರೆದಿಟ್ಟೇ ಹೊಲೀತೀಯ ತಾನೆ, ಈಗಲೂ?”

ಇದೆಂಥ ಮಾತು ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಎದ್ದು ಬಂದುಬಿಟ್ಟಳು. ಅದೇ ಕೊನೆಯ ಮಾತು.

*

ಸ್ಮಶಾನದ ಕಬ್ಬಿಣದ ಗೇಟಿಗೆ ಬೀಗ ಹಾಕಿತ್ತು. ಪೆಟ್ಟಿಗೆಯ ಗಾಡಿ ನಿಂತಿತು. ಎಲ್ಲರೂ ಬಿಸಿಲಲ್ಲಿ ಕಾದರು. ಆಗ ಹಿಂದಿನಿಂದ ಕೀಲಿಗೊಂಚಲಿನ ಸದ್ದು ಕೇಳಿಸಿತು. ತಂಗಿ ತಿರುಗಿ ನೋಡುವ ಮೊದಲೇ ಅವಳ ಕಾಲುಗಳು ಎರಡು ಹೆಜ್ಜೆ ಪಕ್ಕಕ್ಕೆ ಹೋಗಿದ್ದವು.

“ಕಾವಲುಗಾರ ಅಷ್ಟೆ,” ಎಂದು ಎಂಕ್ವೈರಿ ಅವಳ ತೋಳು ಹಿಡಿದಳು. “ಬನ್ನಿ, ಆ ಬೆಂಚಿನ ಮೇಲೆ ಕೂರೋಣ.”

ಕಾವಲುಗಾರ ಬೀಗ ತೆಗೆದ. ಗಾಡಿ ಒಳಗೆ ಹೋಯಿತು. ಹೆಂಗಸರಿಬ್ಬರೂ ಗೋಡೆಯ ನೆರಳಿನ ಕಲ್ಲುಬೆಂಚಿನ ಮೇಲೆ ಉಳಿದರು. ತಂಗಿ ತೋಳನ್ನು ಬಿಡಿಸಿಕೊಂಡಳು.

“ನಾನು ಬೆಚ್ಚಿದ್ದು ಕೀಲಿಗೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಅವನ ಕೈಯಲ್ಲೂ ಇರ್ತಿತ್ತು. ನಿಮ್ಮ ಯಜಮಾನನ ಕೈಯಲ್ಲಿ.” ಎಂಕ್ವೈರಿ ಕನ್ನಡಕ ಒರೆಸಿಕೊಂಡಳು. “ಪುಟ ತಿರುಗಿಸ್ತಾ ತಿರುಗಿಸ್ತಾ ಬೆರಳಲ್ಲಿ ಸುತ್ತಿಸ್ತಿದ್ದ. ಆಮೇಲೆ ಗಪ್ಪಂತ ಹಿಡೀತಿದ್ದ. ನನಗೂ ಎದೆ ಝಲ್ ಅಂತಿತ್ತು.”

ತಂಗಿ ಮಣಿಕಟ್ಟಿನ ಮೇಲಿನ ಸೆರಗನ್ನು ಮತ್ತೆ ಸರಿಪಡಿಸಿಕೊಂಡಳು.

“ನಿಮಗೆ ಫೋನ್ ಬಂದ ವರ್ಷ, ಪುಸ್ತಕ ಅಚ್ಚಿಗೆ ಹೋಗೋ ವಾರ ಬಂದ. ಕೌಂಟರಿಗೆ ಬಂದು ನಿಮ್ಮ ಹೆಸರು ಹೇಳಿ, ನಂಬರ್ ಕೊಡಿ ಅಂದ. ಹೊಸದು ಬರೋವರೆಗೆ ಹಳೇ ಪುಸ್ತಕದಲ್ಲಿದ್ದದ್ದೇ ಕೊಡೋದು ನಮ್ಮ ನಿಯಮ. ಅದರಲ್ಲಿ ನೀವಿರಲಿಲ್ಲ. ಹೊಸದು ಬಂದಾಗ ಬರ್ತೀನಿ ಅಂತ ಹೋದ. ನಿಮ್ಮಣ್ಣ ಒಳಗಿನ ಗಾಜಿನ ಹಿಂದೆ ನಿಂತು ನೋಡಿದ್ದ. ಅವತ್ತು ಟೀ ಕುಡೀಲಿಲ್ಲ. ಒಳಗೆ ಹೋಗಿ ಒಂದು ಸಾಲು ಹೊಡೆದುಹಾಕಿದ.”

“ಅವರು ಹಡಗಿನಲ್ಲಿ ಹೋಗಿದ್ರು.”

“ಯಾವ ಹಡಗು? ಪ್ರತಿ ವರ್ಷ ಹೊಸ ಪುಸ್ತಕ ಬಂದ ವಾರ ಹಾಜರು. ಎರಡು ಸಲ ನಿಮ್ಮಣ್ಣನ ಹಿಂದೇನೇ ಬಸ್ಸು ಹತ್ತಿದ್ದ. ಅದಕ್ಕೇ ಅವನು ನಿಮ್ಮ ಕಡೆ ಬರೋದು ಬಿಟ್ಟಿದ್ದು. ಆ ವಾರ ಮನೆಗೂ ಹೋಗ್ತಿರಲಿಲ್ಲ, ಕಚೇರೀಲೇ ಹಳೇ ಕಾಗದದ ಮೇಲೆ ಮಲಗ್ತಿದ್ದ. ನಿಮ್ಮತ್ತಿಗೆ ಅದಕ್ಕೆ ಬೇರೆ ಅರ್ಥ ಕಟ್ಟಿದಾಳೆ ಅಂತ ನನಗೆ ಗೊತ್ತು. ಕಟ್ಟಲಿ. ಈ ವಯಸ್ಸಲ್ಲಿ ಯಾರಾದ್ರೂ ನನ್ನ ಮೇಲೆ ಅನುಮಾನ ಪಟ್ಟರೆ ಒಂಥರಾ ಗೌರವಾನೇ.”

ತಂಗಿಗೆ ನಗು ಬರಲಿಲ್ಲ. “ಹೆಸರು ಹಾಕಬೇಡಿ ಅಂತ ಕಚೇರಿಗೆ ಬರೆದುಕೊಡೋ ಪದ್ಧತಿ ಇತ್ತಲ್ಲ? ಅದನ್ನ ಮಾಡಬಹುದಿತ್ತು.”

“ಅದಕ್ಕೆ ನಿಮ್ಮ ಸಹಿ ಬೇಕು. ಸಹಿ ಕೇಳಿದ್ರೆ ಯಾಕೆ ಅಂತೀರಿ. ‘ಹೇಳಿಬಿಡೋ’ ಅಂತ ನಾನು ಎಷ್ಟು ಸಲ ಹೇಳಿದೀನಿ. ‘ಅವಳು ಈಗ ತಾನೆ ಬಾಗಿಲು ತೆರೆದಿಟ್ಟು ಹೊಲಿಯೋಕೆ ಕಲ್ತಿದಾಳೆ. ನನ್ನ ಮೇಲೆ ಸಿಟ್ಟಾಗಿರಲಿ ಪರವಾಗಿಲ್ಲ’ ಅಂತಿದ್ದ.”

ಒಳಗಿನಿಂದ ಯಾರೋ ಬಿಕ್ಕುವ ಸದ್ದು ಬಂತು, ಅತ್ತಿಗೆಯಿರಬೇಕು. ತಂಗಿ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಇಟ್ಟುಕೊಂಡಿದ್ದಳು. ಸತ್ತವನನ್ನು ಮಣ್ಣು ಮಾಡುವ ಹೊತ್ತಿನಲ್ಲಿ ಎಲ್ಲರೂ ಅವನನ್ನು ಒಳ್ಳೆಯವನನ್ನಾಗಿ ಮಾಡುತ್ತಾರೆ. ಈ ಮುದುಕಿಗೆ ಅವನ ಮೇಲೆ ಎಂಥದೋ ಪ್ರೀತಿಯಿತ್ತು, ಅದಂತೂ ಸ್ಪಷ್ಟ. ಕೀಲಿಯ ವಿಷಯ, ಮಣಿಕಟ್ಟಿನ ವಿಷಯ ಅಣ್ಣನೇ ಹೇಳಿರಬಹುದು. ಟೀ ಕುಡಿಯುತ್ತ ಏನೆಲ್ಲ ಹೇಳಿಕೊಳ್ಳುವುದಿಲ್ಲ? ಇವಳು ಇವತ್ತು ಅದನ್ನೆಲ್ಲ ಸೇರಿಸಿ ಒಂದು ಅಂಗಿ ಹೊಲಿದು ಅವನಿಗೆ ತೊಡಿಸುತ್ತಿರಬಹುದು.

“ನಿಮಗೆ ನಂಬಿಕೆ ಬರ್ತಿಲ್ಲ,” ಎಂದಳು ಎಂಕ್ವೈರಿ.

“ಇಲ್ಲ.”

“ಬರದೇ ಇದ್ರೂ ಆ ಮೆಸೇಜು ತೆಗೆಸಿ. ನಮ್ಮ ಗುಂಪಿನಲ್ಲೇ ನಾನೂರು ಜನ ಇದೀವಿ. ಯಾರಿಂದ ಯಾರಿಗೆ ಹೋಗುತ್ತೋ ಯಾರು ಬಲ್ಲರು.”

ಹೊರಬರುವಾಗ ತಂಗಿ ಗುಂಪಿನಲ್ಲಿದ್ದ ಮುದುಕರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಮುಖ ಏನಾಗಿರುತ್ತದೋ ಅವಳಿಗೆ ಊಹಿಸಲಾಗಲಿಲ್ಲ. ಕೋಲು ಊರಿದ್ದ ಒಬ್ಬರು ಅವಳನ್ನೇ ದಿಟ್ಟಿಸಿ ನೋಡಿ, ಹತ್ತಿರ ಬಂದು, “ನನ್ನ ಪ್ಯಾಂಟು ಇನ್ನೂ ನಿಮ್ಮಲ್ಲೇ ಇದೆಯಮ್ಮ, ಅವಸರವಿಲ್ಲ,” ಎಂದು ಹೋದರು.

*

ಮನೆಗೆ ಮರಳಿದಾಗ ಮಧ್ಯಾಹ್ನ ಮೂರಾಗಿತ್ತು. ಅಧಿಕಾರಿಯ ಡ್ರೈವರು ಪುಸ್ತಕಗಳನ್ನು ಗಾಡಿಗೆ ತುಂಬುತ್ತಿದ್ದ. ಕಪಾಟಿದ್ದ ಜಾಗದಲ್ಲಿ ಗೋಡೆ ಬೇರೆಯೇ ಬಣ್ಣಕ್ಕಿತ್ತು. ಎಂಕ್ವೈರಿ ಒಂದು ಕುರ್ಚಿಯಲ್ಲಿ ಕೂತಿದ್ದಳು. ಅತ್ತಿಗೆ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟು, ಕೊಟ್ಟ ಮೇಲೂ ಅಲ್ಲೇ ನಿಂತಿದ್ದಳು, ಏನೋ ಕೇಳುವವಳಂತೆ.

“ಡಿಲೀಟ್ ಮಾಡಿದೆ ಅತ್ತೆ,” ಎಂದ ಮಗ. ಅವನ ಮುಖ ಸಣ್ಣದಾಗಿತ್ತು. ಎಂಕ್ವೈರಿ ಗಾಡಿಯಲ್ಲಿ ಅವನಿಗೂ ಎಲ್ಲ ಹೇಳಿದ್ದಳು. “ನಾನು ಕಳಿಸಿದ್ದು ಹೋಯ್ತು. ಆದ್ರೆ ಬೇರೆಯವರು ಮುಂದಕ್ಕೆ ಕಳಿಸಿದ್ದು ನನ್ನ ಕೈಲಿಲ್ಲ.”

“ಇರಲಿ.”

“ನನಗೆ ಗೊತ್ತಿರಲಿಲ್ಲ.”

“ಯಾರಿಗೂ ಗೊತ್ತಿರಲಿಲ್ಲ ಬಿಡು.”

ಚಾಪೆಯ ಮೇಲೆ ಇನ್ನು ಕೆಲವೇ ಪುಸ್ತಕಗಳಿದ್ದವು. ಅವಳು ಕೂತು ಒಂದನ್ನು ಎಳೆದುಕೊಂಡಳು. ಅವಳಿಗೆ ಫೋನು ಬಂದ ಮೊದಲ ವರ್ಷದ್ದು. ಪುಟ ಹುಡುಕಬೇಕಾಗಲಿಲ್ಲ, ಪುಸ್ತಕ ತಾನೇ ಅಲ್ಲಿಗೆ ತೆರೆದುಕೊಂಡಿತು, ಅಲ್ಲಿಯೇ ಎಷ್ಟೋ ಸಲ ತೆರೆದಿದ್ದರಿಂದ. ಹಲ್ಲಿನ ಡಾಕ್ಟರು. ಬಣ್ಣದಂಗಡಿ. ಎರಡರ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಸೀಸದಕಡ್ಡಿಯ ಒಂದು ಸಾಲು. ಅವಳ ಹೆಸರು, ಬೀದಿ, ಹಳೆಯ ಫೋನಿನ ಸಂಖ್ಯೆ. ಅಚ್ಚಿನ ಅಕ್ಷರಗಳಷ್ಟೇ ಸಣ್ಣಗೆ, ಅಷ್ಟೇ ನೆಟ್ಟ ಅಕ್ಷರಗಳಲ್ಲಿ, ಅಣ್ಣನ ಕೈಬರಹ.

ಎರಡನೆಯದನ್ನು ತೆಗೆದಳು. ಅದರಲ್ಲೂ ಇತ್ತು. ಮೂರನೆಯದರಲ್ಲೂ. ಮನೆಯಲ್ಲಿಟ್ಟುಕೊಳ್ಳುವ ಪ್ರತಿಯಲ್ಲಾದರೂ ಪುಸ್ತಕ ತಪ್ಪಿರಬಾರದು ಎಂದು ಬರೆದನೋ? ಅಥವಾ ತಾನು ಏನು ಮಾಡಿದೆನೆಂದು ತನಗೆ ತಾನೇ ಒಪ್ಪಿಕೊಳ್ಳಲು ಬರೆದನೋ? ಬೇಕೆಂದೇ ಬಿಟ್ಟದ್ದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಯಾಕೆ ಎನ್ನುವುದಕ್ಕೆ ಇದು ಸಾಕ್ಷಿಯೇ ಅಲ್ಲ.

ಡ್ರೈವರು ಬಂದು ನಿಂತ. ಅವಳು ಕೊನೆಯ ವರ್ಷದ ಡೈರೆಕ್ಟರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಳಿದವನ್ನು ಅವನ ಕಡೆ ನೂಕಿದಳು.

“ಮೂವತ್ತೊಂದು ಅಂದಿದ್ರು ಸಾಹೇಬ್ರು.”

“ಮೂವತ್ತು ಅನ್ನು.”

ಆಗ ಕೈಚೀಲದೊಳಗೆ ಫೋನು ನಡುಗಿತು. ಅವಳು ತೆಗೆದು ನೋಡಿದಳು. ಗೊತ್ತಿಲ್ಲದ ಸಂಖ್ಯೆ. ಬೆಳಗಿನಿಂದ ಇಂಥವು ಆರೇಳು ಬಂದಿದ್ದವು, ಎಲ್ಲ ಸಂತಾಪದವು. ಇದು ನಿಂತು ಮತ್ತೆ ನಡುಗಿತು. ಎಂಕ್ವೈರಿ ಕುರ್ಚಿಯಿಂದ ನೋಡುತ್ತಿದ್ದಳು. ಮಗ ನೋಡುತ್ತಿದ್ದ.

ಅವಳು ಕಿವಿಗೆ ಹಿಡಿದಳು. ಏನೂ ಹೇಳಲಿಲ್ಲ.

ಆ ಕಡೆಯಿಂದಲೂ ಮಾತಿಲ್ಲ. ಉಸಿರು ಮಾತ್ರ, ವಯಸ್ಸಾದವರ ಉಸಿರು, ಎದೆಯಲ್ಲಿ ಎಲ್ಲೋ ಕಫ ಕಟ್ಟಿದ್ದು. ಅದರ ಹಿಂದೆ ಝಲ್ ಎಂದಿತು. ಝಲ್. ಝಲ್. ಆಮೇಲೆ ಕತ್ತರಿಸಿದಂತೆ ನಿಂತಿತು.

ಆ ಮೌನ ಹಾಗೇ ಇತ್ತು. ಇಪ್ಪತ್ತೆಂಟು ವರ್ಷದಲ್ಲಿ ಅದಕ್ಕೆ ಏನೂ ಆಗಿರಲಿಲ್ಲ. ಅವಳ ಎಡಗೈ ತಾನೇ ತಾನಾಗಿ ಎದೆಗೆ ಒತ್ತಿಕೊಂಡಿತು. ಕಣ್ಣು ಮಾತ್ರ ತೊಡೆಯ ಮೇಲಿನ ಪುಸ್ತಕದ ಬೆನ್ನಿನ ಮೇಲಿತ್ತು, ಇಸವಿಯ ಮೇಲೆ. ಆ ಮೌನದೊಳಗಿಂದಲೇ ಅಣ್ಣನ ಉತ್ತರ ಅವಳಿಗೆ ಬಂದು ತಲುಪಿತು. ಪೂರ್ತಿಯಾಗಿ, ಒಂದು ಅಂಕಿಯೂ ತಪ್ಪದೆ.

ಅಂಚು ಮಡಿಸದ ಬಟ್ಟೆಯಂತೆ ದನಿ ನಡುಗೀತೆಂದು ಅವಳು ಅಂದುಕೊಂಡಿದ್ದಳು. ನಡುಗಲಿಲ್ಲ. ಕಚೇರಿಯ ಕೌಂಟರಿನವರಂತೆ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

“ಆ ಹೆಸರಿನಲ್ಲಿ ಇಲ್ಲಿ ಯಾವ ನಂಬರೂ ಇಲ್ಲ.”

ಫೋನು ಇಟ್ಟಳು. ಎಂಕ್ವೈರಿ ಎದ್ದು ಬಂದು ಅವಳ ಪಕ್ಕದಲ್ಲಿ, ಚಾಪೆಯ ಮೇಲೆ, ಮಂಡಿ ನೋವಿಗೆ ನರಳುತ್ತ ಕೂತಳು. ಅತ್ತಿಗೆ ಬೀದಿಬಾಗಿಲಿನ ಕಡೆ ನಡೆದಳು. ಅಗುಳಿಯ ಸದ್ದು ಕೇಳಿಸಿತು.

“ಬೇಡ ಅತ್ತಿಗೆ,” ಎಂದಳು ತಂಗಿ. “ತೆರೆದೇ ಇರಲಿ.”

ಅವಳು ಡೈರೆಕ್ಟರಿಯನ್ನು ತೆರೆದಳು. ಹಲ್ಲಿನ ಡಾಕ್ಟರು ಮತ್ತು ಬಣ್ಣದಂಗಡಿಯ ನಡುವಿನ ಸೀಸದಕಡ್ಡಿಯ ಸಾಲಿನ ಮೇಲೆ ಫೋನನ್ನು ಬೋರಲು ಇಟ್ಟು, ಪುಸ್ತಕ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟಳು. ಹೊರಗೆ ಗಾಡಿ ಹೊರಟಿತು. ಸ್ವಲ್ಪ ಹೊತ್ತಿಗೆ ಪುಸ್ತಕ ಅವಳ ಅಂಗೈಗಳ ಕೆಳಗೆ ನಡುಗತೊಡಗಿತು, ನಿಂತಿತು, ಮತ್ತೆ ನಡುಗಿತು. ಊರಿನ ಹೆಸರುಗಳೆಲ್ಲ ಅದರ ಮೇಲೆ ಭಾರವಾಗಿ ಕೂತಿದ್ದವು. ಸದ್ದು ಹೊರಗೆ ಬರಲಿಲ್ಲ.